ಜೈಲಲ್ಲಿ ಮಾಡಿದ ಕೆಲಸ ಹೊರಗೂ ಲೆಕ್ಕಕ್ಕೆ ಬರಲಿ: ಸಜಾ ಬಂದಿಗಳಿಗೆ, ಅವರ ಮನೆಯವರಿಗೆ ಸಮಗ್ರ ಮಾರ್ಗದರ್ಶಿ

ಜೈಲಿನ ಹೊಲಿಗೆ ವಿಭಾಗದಲ್ಲಿ ಏಳೆಂಟು ವರ್ಷ ದುಡಿದವರು ಬಿಡುಗಡೆಯಾಗಿ ಗಾರ್ಮೆಂಟ್ಸ್ ಗೇಟಿನ ಮುಂದೆ ನಿಂತಾಗ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಕೆಲಸ ಚೆನ್ನಾಗಿ ಬರುತ್ತದೆ. ಕೈ ಪಳಗಿದೆ. ಆದರೆ "ಎಲ್ಲಿ ಕಲಿತಿರಿ, ಎಷ್ಟು ವರ್ಷದ ಅನುಭವ?" ಅಂದರೆ ತೋರಿಸಲು ಏನೂ ಇಲ್ಲ. ಮತ್ತೆ ಹೆಲ್ಪರ್ ಕೆಲಸದಿಂದಲೇ ಶುರು. ಇದು ತುಂಬಾ ಜನರ ಕಥೆ, ಮತ್ತು ಇದನ್ನು ತಪ್ಪಿಸಲು ಸಾಧ್ಯ.

ದಾರಿ ಸರಳ. ಒಳಗೆ ಹೋದ ಮೊದಲ ತಿಂಗಳುಗಳಲ್ಲೇ ಕೆಲಸ ಕೇಳಿ ಪಡೆಯಬೇಕು, ಮಾಡಿದ್ದನ್ನೆಲ್ಲ ಕಾಗದಕ್ಕೆ ಇಳಿಸಿಕೊಳ್ಳಬೇಕು. ಹೆಚ್ಚಿನವರು ಬಿಡುಗಡೆಗೆ ಎರಡು ತಿಂಗಳು ಇರುವಾಗ ಯೋಚನೆ ಮಾಡುತ್ತಾರೆ. ಅಷ್ಟರಲ್ಲಿ ಸಹಿ ಹಾಕಬೇಕಾದ ಅಧಿಕಾರಿ ವರ್ಗವಾಗಿರುತ್ತಾರೆ, ಹಳೇ ರಿಜಿಸ್ಟರ್ ಯಾವುದೋ ಮೂಲೆ ಸೇರಿರುತ್ತದೆ.

ಇಲ್ಲಿ ಬರೆದಿರುವುದು ಕರ್ನಾಟಕದ ಜೈಲುಗಳನ್ನು ಮನಸ್ಸಲ್ಲಿಟ್ಟುಕೊಂಡು. ಓದುತ್ತಿರುವ ನೀವು ಬಹುಶಃ ಹೆಂಡತಿ, ಅಣ್ಣ, ಅಮ್ಮ ಅಥವಾ ಮಗಳು, ಯಾಕೆಂದರೆ ಒಳಗಿರುವವರ ಕೈಯಲ್ಲಿ ಫೋನ್ ಇರುವುದಿಲ್ಲ. ಹಾಗಾಗಿ ಅರ್ಧ ಕೆಲಸ ನಿಮ್ಮದು. ಮುಂದಿನ ಸಲ ಜೈಲಿಗೆ ಅವರನ್ನು ನೋಡಲು ಹೋಗುವಾಗ ಇದರಲ್ಲಿ ಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಸಿಗುವ ಸಮಯ ಕಡಿಮೆ, ಕಣ್ಣೀರಲ್ಲೇ ಕಳೆದುಹೋಗುತ್ತದೆ.

ಮೊದಲು ತೀರ್ಪಿನ ಪ್ರತಿ ತೆಗೆದು ಓದಿ

ಶಿಕ್ಷೆ ಕಠಿಣ ಸಜೆಯೋ ಸಾದಾ ಸಜೆಯೋ ನೋಡಿ. ಕಠಿಣ ಸಜೆ ಆಗಿದ್ದರೆ ಕೆಲಸ ಮಾಡಲೇಬೇಕು, ಅದು ಶಿಕ್ಷೆಯ ಭಾಗ. ಸಾದಾ ಸಜೆ ಆಗಿದ್ದರೆ ಕಡ್ಡಾಯ ಇಲ್ಲ, ಆದರೆ ನಾನು ಮಾಡುತ್ತೇನೆ ಅಂತ ಕೇಳಬಹುದು. ಕೇಳಿ ಅಂತಲೇ ನನ್ನ ಸಲಹೆ. ಸುಮ್ನೆ ಬ್ಯಾರಕ್‌ನಲ್ಲಿ ಕೂತರೆ ದಿನ ಸಾಗುವುದಿಲ್ಲ, ಮನಸ್ಸು ಕೆಡುತ್ತದೆ, ಕೈಗೆ ಕಾಸೂ ಬರುವುದಿಲ್ಲ. ಕೇಸು ಇನ್ನೂ ನಡೆಯುತ್ತಿರುವ ವಿಚಾರಣಾಧೀನ ಬಂದಿಗಳನ್ನು ದುಡಿಮೆಗೆ ಬಲವಂತ ಮಾಡುವ ಹಾಗಿಲ್ಲ. ಈ ಲೇಖನ ಮುಖ್ಯವಾಗಿ ಶಿಕ್ಷೆ ಆದವರ ಬಗ್ಗೆ.

ಮೇಲ್ಮನವಿ ಹಾಕಿದ್ದೀವಿ, ಇವತ್ತೋ ನಾಳೆಯೋ ಹೊರಗೆ ಬರ್ತಾರೆ, ಕೆಲಸ ಯಾಕೆ ಅಂತ ಕೆಲವು ಮನೆಯವರು ಯೋಚಿಸುತ್ತಾರೆ. ಮೇಲ್ಮನವಿ ವರ್ಷಗಟ್ಟಲೆ ಹಿಡಿಯಬಹುದು. ಕೆಲಸ ಮಾಡಿದರೆ ತಪ್ಪು ಒಪ್ಪಿಕೊಂಡಂತೆ ಆಗುವುದಿಲ್ಲ, ಮೇಲ್ಮನವಿಗೂ ಅದಕ್ಕೂ ಸಂಬಂಧವೇ ಇಲ್ಲ.

ಕೂಲಿ ದಾನವಲ್ಲ

1998ರಲ್ಲಿ ಗುಜರಾತ್‌ನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಬಂದಿಗಳಿಂದ ದುಡಿಸಿಕೊಂಡರೆ ನ್ಯಾಯವಾದ ಕೂಲಿ ಕೊಡಬೇಕು. ಅದರ ಹಿಂದೆ ಇರುವುದು ಸಂವಿಧಾನದ 23ನೇ ವಿಧಿ, ಅಂದರೆ ಬಿಟ್ಟಿ ಚಾಕರಿ ನಿಷೇಧ. ಕೂಲಿಯಲ್ಲಿ ಒಂದು ಭಾಗವನ್ನು ಅಪರಾಧದಿಂದ ನೊಂದವರಿಗಾಗಿ ತೆಗೆದಿಡಬಹುದು ಅಂತಲೂ ಅದೇ ತೀರ್ಪು ಹೇಳಿದೆ.

ಕರ್ನಾಟಕದಲ್ಲಿ ಈ ಕೂಲಿ ಬಹಳ ಕಾಲ ತೀರಾ ಕಡಿಮೆ ಇತ್ತು. 2023ರ ಹೊತ್ತಿಗೆ ಅದು ದೊಡ್ಡದಾಗಿ ಏರಿತು. ಹೊಸಬರಿಗೆ ದಿನಕ್ಕೆ ಸುಮಾರು 524 ರೂಪಾಯಿ, ಅನುಭವ ಹೆಚ್ಚಿದಂತೆ 548, 615, ಅತಿ ಕುಶಲರಿಗೆ 663 ರೂಪಾಯಿವರೆಗೆ. ದೇಶದಲ್ಲೇ ಇದು ಮೇಲಿನ ಸಾಲಿನ ಕೂಲಿ. ದರ ಕಾಲಕಾಲಕ್ಕೆ ಬದಲಾಗುತ್ತದೆ, ಹಾಗಾಗಿ ಈಗ ಜಾರಿಯಲ್ಲಿರುವುದು ಎಷ್ಟು, ಕಡಿತ ಎಷ್ಟು ಅಂತ ಜೈಲು ಕಚೇರಿಯಲ್ಲಿ ಕೇಳಿ. ಬಾಯಿಮಾತಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಹೊಸಬ, ಅರೆಕುಶಲ, ಕುಶಲ, ಅತಿ ಕುಶಲ ಅನ್ನುವ ಈ ಶ್ರೇಣಿ ಬರೀ ಕೂಲಿಯ ಲೆಕ್ಕಕ್ಕೆ ಮುಗಿಯುವುದಿಲ್ಲ. "ಇವರು ಕುಶಲ ಕೆಲಸಗಾರರು" ಅಂತ ಸರ್ಕಾರವೇ ಬರೆದುಕೊಂಡ ದಾಖಲೆ ಅದು. ಶ್ರೇಣಿ ಯಾವಾಗ ಬದಲಾಯಿತು ಅನ್ನುವ ತಾರೀಖು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಮಾತು, ಇದನ್ನು ಯಾರೂ ಮರೆಯಬಾರದು. ಜಾತಿ ನೋಡಿ ಕೆಲಸ ಹಂಚುವ ಹಾಗಿಲ್ಲ. ಕೆಲವರಿಗೆ ಅಡುಗೆ, ಕೆಲವರಿಗೆ ಪಾಯಿಖಾನೆ ತೊಳೆಯುವುದು ಅಂತ ಹುಟ್ಟಿನ ಮೇಲೆ ಭಾಗ ಮಾಡುವುದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರಂದು ತೀರ್ಪು ಕೊಟ್ಟಿದೆ. ನಿಮ್ಮವರಿಗೆ ವರ್ಷಗಳಿಂದ ಗುಡಿಸುವ ಕೆಲಸ ಬಿಟ್ಟು ಬೇರೆ ಏನೂ ಕೊಟ್ಟಿಲ್ಲ, ಕಾರಣ ಜಾತಿ ಅನ್ನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಬರೆಯಿರಿ. ಅದರ ಕಚೇರಿ ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುತ್ತದೆ. ಸಹಾಯವಾಣಿ 15100. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕು ಅಂತ 1987ರ ಕಾಯ್ದೆಯೇ ಹೇಳುತ್ತದೆ.

ಯಾವ ಕೆಲಸ ಕೇಳಬೇಕು?

ದೊಡ್ಡ ಜೈಲುಗಳಲ್ಲಿ ಬಡಗಿ ಕೆಲಸ, ಹೊಲಿಗೆ, ನೇಯ್ಗೆ, ಬೇಕರಿ, ಅಡುಗೆಮನೆ, ತೋಟ, ಗ್ರಂಥಾಲಯ, ಆಸ್ಪತ್ರೆ ಸಹಾಯ, ಕಚೇರಿ ಬರವಣಿಗೆ ಹೀಗೆ ಬೇರೆ ಬೇರೆ ವಿಭಾಗಗಳಿರುತ್ತವೆ. ಪ್ರತಿ ಜೈಲಿನಲ್ಲೂ ಎಲ್ಲ ಇರುವುದಿಲ್ಲ. ಪರಪ್ಪನ ಅಗ್ರಹಾರದಲ್ಲಿ ಇರುವುದು ಸಣ್ಣ ಜಿಲ್ಲಾ ಜೈಲಲ್ಲಿ ಸಿಗಲ್ಲ. ಹಾಗಾಗಿ ಮೊದಲು "ಇಲ್ಲಿ ಯಾವ ಯಾವ ವಿಭಾಗ ನಡೀತಿದೆ?" ಅಂತ ತಿಳಿದುಕೊಳ್ಳಿ.

ಆರಿಸುವಾಗ ನಿಮ್ಮ ಊರನ್ನು ನೆನಪಿಟ್ಟುಕೊಳ್ಳಿ. ರಾಮನಗರ, ಮಂಡ್ಯ, ಬೆಂಗಳೂರು ಕಡೆಯವರಿಗೆ ಹೊಲಿಗೆ ಬಂದರೆ ಗಾರ್ಮೆಂಟ್ಸ್ ಇದೆ. ಇಳಕಲ್, ಗುಳೇದಗುಡ್ಡದ ಕಡೆಯವರಿಗೆ ನೇಯ್ಗೆ ಅಂದರೆ ಗೊತ್ತಿರುವ ಲೋಕ. ಊರಲ್ಲಿ ಅರ್ಧ ಎಕರೆ ಇದ್ದರೆ ತೋಟ, ಹೈನುಗಾರಿಕೆ. ಬೇಕರಿ ಕೆಲಸವಂತೂ ಎಲ್ಲಿ ಹೋದರೂ ನಡೆಯುತ್ತದೆ, ಹಾಸನದಿಂದ ಹಿಡಿದು ಬೀದರ್‌ವರೆಗೆ ಬೇಕರಿ ಇಲ್ಲದ ಸರ್ಕಲ್ ಇಲ್ಲ. ಅಲ್ಲಿ ಕೈಚಳಕ ನೋಡಿ ಕೆಲಸ ಕೊಡುತ್ತಾರೆ, ಹಳೆಯದನ್ನು ಕೆದಕುವವರು ಕಡಿಮೆ. ನನ್ನನ್ನು ಕೇಳಿದರೆ, ಓದು ಕಡಿಮೆ ಇರುವವರಿಗೆ ಬೇಕರಿ ಮತ್ತು ಬಡಗಿ ಕೆಲಸವೇ ಮೊದಲ ಆಯ್ಕೆ ಆಗಬೇಕು. ಬಡಗಿ ಸ್ವಂತ ಉಳಿ, ಗರಗಸ ಇಟ್ಟುಕೊಂಡು ಯಾರ ಕೈಕೆಳಗೂ ಇಲ್ಲದೆ ಬದುಕಬಲ್ಲ.

ಓದು ಬರಹ ಚೆನ್ನಾಗಿ ಬರುವವರನ್ನು ಸಾಮಾನ್ಯವಾಗಿ ಕಚೇರಿ ಬರವಣಿಗೆಗೆ ಹಾಕುತ್ತಾರೆ. ಕೆಲಸ ಹಗುರ, ಗೌರವವೂ ಇದೆ. ಆದರೆ ಅದರಿಂದ ಹೊರಗೆ ಹೇಳಿಕೊಳ್ಳುವಂಥ ಕಸುಬು ಕೈಗೆ ಹತ್ತುವುದಿಲ್ಲ. ಕಂಪ್ಯೂಟರ್ ಮುಟ್ಟಲು ಅವಕಾಶ ಇದ್ದರೆ ಬೇರೆ ಮಾತು. ಇಲ್ಲದಿದ್ದರೆ ಒಂದೆರಡು ವರ್ಷದ ಮೇಲೆ ವಿಭಾಗ ಬದಲಾಯಿಸಿ ಕೊಡಿ ಅಂತ ಕೇಳುವುದು ಒಳ್ಳೆಯದು.

ಹೆಣ್ಣುಮಕ್ಕಳ ವಿಭಾಗದಲ್ಲಿ ಆಯ್ಕೆ ಇನ್ನೂ ಕಡಿಮೆ. ಹೊಲಿಗೆ, ಕಸೂತಿ, ಅಡುಗೆ, ಅಷ್ಟಕ್ಕೇ ನಿಲ್ಲುತ್ತದೆ. ಇದು ನನಗೆ ಬೇಸರ ತರುವ ವಿಷಯ. ಕಂಪ್ಯೂಟರ್, ಬ್ಯೂಟಿಷಿಯನ್, ಬೇಕರಿ ತರಬೇತಿ ಬೇಕು ಅಂತ ಐದಾರು ಜನ ಸೇರಿ ಒಟ್ಟಿಗೆ ಅರ್ಜಿ ಕೊಟ್ಟರೆ ಹೊರಗಿನ ಸಂಸ್ಥೆಯನ್ನು ಕರೆಸುವುದು ಅಧಿಕಾರಿಗಳಿಗೂ ಸುಲಭ. ಜತೆಗೆ ಚಿಕ್ಕ ಮಗು ಇದ್ದರೆ ಕೆಲಸಕ್ಕೆ ಹೋಗಲು ಆಗಲ್ಲ ಅಂತ ಸುಮ್ಮನಾಗಬೇಡಿ. ಆರು ವರ್ಷದವರೆಗೆ ಮಗು ತಾಯಿಯ ಜತೆ ಇರಬಹುದು, ಅಂಥ ಮಕ್ಕಳಿಗೆ ಶಿಶುವಿಹಾರ ಇರಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ.

ಅರ್ಜಿ ಹೀಗೆ ಬರೆಯಿರಿ

ಬಾಯಿಮಾತಲ್ಲಿ ವಾರ್ಡರ್‌ಗೆ ಹೇಳಿದ್ದು ಗಾಳಿಗೆ ಹೋಗುತ್ತದೆ. ಬರೆದು ಕೊಟ್ಟದ್ದು ಕಡತಕ್ಕೆ ಹೋಗುತ್ತದೆ. ಒಳಗಿರುವವರೇ ಬರೆದು ಕೊಡಬೇಕು, ಬರೆಯಲು ಬರದಿದ್ದರೆ ಬೇರೆಯವರಿಂದ ಬರೆಸಿ ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ. ಮಾದರಿ ಇಲ್ಲಿದೆ, ಹಾಗೇ ನಕಲು ಮಾಡಿಕೊಳ್ಳಿ (ಸಿಟಿಪಿ ಸಂಖ್ಯೆ ಅಂದರೆ ಶಿಕ್ಷೆ ಆದ ಬಂದಿಗೆ ಜೈಲು ಕೊಡುವ ನಂಬರ್):

"ಇವರಿಗೆ, ಮುಖ್ಯ ಅಧೀಕ್ಷಕರು, ಕೇಂದ್ರ ಕಾರಾಗೃಹ, (ಊರು).
ಮಾನ್ಯರೇ,
ವಿಷಯ: ಬಡಗಿ ವಿಭಾಗದಲ್ಲಿ ಕೆಲಸ ಕೊಡುವಂತೆ ಕೋರಿ.
ನಾನು (ಹೆಸರು), ಸಿಟಿಪಿ ಸಂಖ್ಯೆ (ಇಷ್ಟು), (ತಾರೀಖು) ರಿಂದ ಈ ಕಾರಾಗೃಹದಲ್ಲಿ ಶಿಕ್ಷೆ ಅನುಭವಿಸುತ್ತಿದ್ದೇನೆ. ಏಳನೇ ತರಗತಿವರೆಗೆ ಓದಿದ್ದೇನೆ. ಮೊದಲು ಗಾರೆ ಕೆಲಸ ಮಾಡುತ್ತಿದ್ದೆ, ಅಳತೆ ಗೊತ್ತಿದೆ. ಬಿಡುಗಡೆಯ ನಂತರ ಊರಿನಲ್ಲಿ ಬಡಗಿ ಕೆಲಸ ಮಾಡಿ ಕುಟುಂಬ ಸಾಕಬೇಕೆಂದಿದ್ದೇನೆ. ಆದ್ದರಿಂದ ನನ್ನನ್ನು ಬಡಗಿ ವಿಭಾಗಕ್ಕೆ ಸೇರಿಸಿಕೊಳ್ಳಬೇಕೆಂದು, ಈಗ ಜಾಗ ಇಲ್ಲದಿದ್ದರೆ ಕಾಯುವ ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಳ್ಳಬೇಕೆಂದು ಕೋರುತ್ತೇನೆ."

ಕೊನೆಯ ವಾಕ್ಯ ಬಿಡಬೇಡಿ. "ಜಾಗ ಇಲ್ಲ" ಅನ್ನುವುದು ಸಾಮಾನ್ಯ ಉತ್ತರ. ಪಟ್ಟಿಯಲ್ಲಿ ಹೆಸರಿದ್ದರೆ ಮೂರು ತಿಂಗಳ ನಂತರ ಮತ್ತೆ ಕೇಳಲು ಆಧಾರ ಇರುತ್ತದೆ. ಅರ್ಜಿಯ ಇನ್ನೊಂದು ಪ್ರತಿ ಇಟ್ಟುಕೊಳ್ಳಿ, ಕೊಟ್ಟ ತಾರೀಖು ಬರೆದಿಡಿ. ಜಿಲ್ಲಾ ನ್ಯಾಯಾಧೀಶರು, ಸಂದರ್ಶಕ ಮಂಡಳಿಯವರು ಜೈಲಿಗೆ ಭೇಟಿ ಕೊಡುತ್ತಾರೆ. "ಏನಾದರೂ ಹೇಳುವುದಿದೆಯಾ?" ಅಂತ ಅವರು ಕೇಳುವಾಗ ಎಲ್ಲರೂ ಊಟದ ಬಗ್ಗೆ, ವಕೀಲರ ಬಗ್ಗೆ ಹೇಳುತ್ತಾರೆ. ಅದೂ ಬೇಕು. ಜತೆಗೆ ಕೆಲಸದ ಅರ್ಜಿಯ ಮಾತನ್ನೂ ಎತ್ತಿ.

ಒಳಗಿದ್ದುಕೊಂಡೇ ಸೇವೆ

ಇಂಗ್ಲೆಂಡ್‌ನಲ್ಲಿ ಶಿಕ್ಷೆಯ ಕೊನೆಯ ಹಂತಕ್ಕೆ ಬಂದ ಕೆಲವು ಬಂದಿಗಳನ್ನು ತಾತ್ಕಾಲಿಕ ಪರವಾನಗಿ ಮೇಲೆ ಹಗಲು ಹೊತ್ತು ಹೊರಗೆ ಬಿಡುತ್ತಾರೆ. ಅವರು ಧರ್ಮಾರ್ಥ ಸಂಸ್ಥೆಗಳ ಅಂಗಡಿಗಳಲ್ಲಿ ಸ್ವಯಂಸೇವಕರಾಗಿ ದುಡಿದು ಸಂಜೆ ಜೈಲಿಗೆ ಮರಳುತ್ತಾರೆ. ನಮ್ಮಲ್ಲಿ ಅಂಥ ವ್ಯವಸ್ಥೆ ಸಾಮಾನ್ಯ ಜೈಲುಗಳಲ್ಲಿ ಇಲ್ಲ. ಆದರೆ ಸೇವೆಗೆ ಗೋಡೆ ದಾಟಲೇಬೇಕು ಅಂತೇನೂ ಇಲ್ಲ.

ಎಲ್ಲಕ್ಕಿಂತ ಮೊದಲು ನಾನು ಹೇಳುವುದು ಅರೆ ಕಾನೂನು ಸ್ವಯಂಸೇವಕರ ಕೆಲಸ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಯೋಜನೆಯಲ್ಲಿ, ದೀರ್ಘ ಶಿಕ್ಷೆ ಅನುಭವಿಸುತ್ತಿರುವ, ಓದು ಬಲ್ಲ, ನಡತೆ ಚೆನ್ನಾಗಿರುವ ಬಂದಿಗಳನ್ನೂ ಸ್ವಯಂಸೇವಕರಾಗಿ ಆರಿಸಿ ತರಬೇತಿ ಕೊಡಬಹುದು ಅಂತ ಸ್ಪಷ್ಟವಾಗಿ ಇದೆ. ಇದು ಎಷ್ಟು ದೊಡ್ಡ ಅವಕಾಶ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಒಬ್ಬ ಹೊಸ ಬಂದಿ ಒಳಗೆ ಬರುತ್ತಾನೆ ಅಂದುಕೊಳ್ಳಿ. ಜಾಮೀನು ಸಿಕ್ಕಿದೆ, ಆದರೆ ಶ್ಯೂರಿಟಿ ಕೊಡುವವರಿಲ್ಲ, ಮನೆಗೆ ವಿಷಯವೇ ಗೊತ್ತಿಲ್ಲ, ವಕೀಲರ ಹೆಸರೂ ನೆನಪಿಲ್ಲ. ಸ್ವಯಂಸೇವಕ ಪಕ್ಕದಲ್ಲಿ ಕೂತು ಕೇಸ್ ನಂಬರ್ ಬರೆದುಕೊಳ್ಳುತ್ತಾರೆ, ಜೈಲಿನ ಕಾನೂನು ನೆರವು ಕ್ಲಿನಿಕ್‌ಗೆ ಅರ್ಜಿ ಬರೆದುಕೊಡುತ್ತಾರೆ, ವಕೀಲರು ಬಂದ ದಿನ ಆ ಹುಡುಗನನ್ನು ಮುಂದೆ ಕೂರಿಸುತ್ತಾರೆ. ಈ ಅರ್ಧ ಗಂಟೆಯ ಕೆಲಸದಿಂದ ಒಬ್ಬ ಮನುಷ್ಯ ತಿಂಗಳುಗಳ ಮೊದಲೇ ಮನೆಗೆ ಹೋಗಬಹುದು. ಇದಕ್ಕಿಂತ ಒಳ್ಳೆಯ ಸೇವೆ ಜೈಲಲ್ಲಿ ಇನ್ನೊಂದಿಲ್ಲ. ಸೇರಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರ ಹೆಸರಿಗೆ, ಜೈಲು ಅಧೀಕ್ಷಕರ ಮೂಲಕ ಅರ್ಜಿ ಕೊಡಿ.

ಎರಡನೆಯದು ಕಲಿಸುವುದು. ಕರ್ನಾಟಕದ ಜೈಲುಗಳಲ್ಲಿ ಸಾಕ್ಷರತಾ ತರಗತಿಗಳು ನಡೆಯುತ್ತವೆ, ಓದು ಬಲ್ಲ ಬಂದಿಗಳೇ ಹೆಬ್ಬೆಟ್ಟಿನವರಿಗೆ ಅಕ್ಷರ ಕಲಿಸುತ್ತಾರೆ. ತನ್ನ ಹೆಸರು ತಾನೇ ಬರೆದು ಮನೆಗೆ ಮೊದಲ ಕಾಗದ ಹಾಕಿದವನ ಮುಖ ನೋಡಿದವರಿಗೆ ಇದರ ಬೆಲೆ ಗೊತ್ತು. ಕಲಿಸಿದ ಅವಧಿ, ಎಷ್ಟು ಜನರಿಗೆ ಕಲಿಸಿದಿರಿ ಅನ್ನುವುದನ್ನು ಬರೆಸಿ ಸಹಿ ಪಡೆಯಿರಿ.

ಜೈಲು ಆಸ್ಪತ್ರೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವುದು, ಗ್ರಂಥಾಲಯ ನಡೆಸುವುದು, ತೋಟ ಬೆಳೆಸುವುದು, ಇವೂ ಇವೆ. ಕೋವಿಡ್ ಬಂದ 2020ರಲ್ಲಿ ಕರ್ನಾಟಕದ ಬಂದಿಗಳು ರಾಶಿ ರಾಶಿ ಮಾಸ್ಕ್ ಹೊಲಿದು ಕೊಟ್ಟರು. ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು ಬಂದಿಗಳನ್ನು ಕಟ್ಟಿಕೊಂಡು ನಾಟಕ ಮಾಡಿಸಿದ್ದು, ಆ ಬಂದಿಗಳು ಜೈಲಿನ ಹೊರಗಿನ ರಂಗಮಂದಿರಗಳಲ್ಲಿ ಪ್ರದರ್ಶನ ಕೊಟ್ಟಿದ್ದು ನಾಡಿಗೆ ಗೊತ್ತಿರುವ ವಿಷಯ. ನಾಟಕದಿಂದ ಏನು ಉಪಯೋಗ ಅನ್ನಬೇಡಿ. ಜನರ ಮುಂದೆ ತಲೆ ಎತ್ತಿ ನಿಂತು ಮಾತಾಡುವುದು, ಹತ್ತು ಜನರ ಜತೆ ಹೊಂದಿಕೊಂಡು ಒಂದು ಕೆಲಸ ಮುಗಿಸುವುದು, ಇವು ಹೊರಗೆ ಬಂದ ಮೇಲೆ ದಿನಾ ಬೇಕಾಗುವ ವಿದ್ಯೆಗಳು.

ಒಂದು ಎಚ್ಚರಿಕೆ. ಸೇವೆ ಅನ್ನುವ ಹೆಸರಲ್ಲಿ ಕೂಲಿ ಕೊಡಬೇಕಾದ ಕೆಲಸವನ್ನು ಬಿಟ್ಟಿ ಮಾಡಿಸಿಕೊಂಡರೆ ಅದು ಸೇವೆ ಅಲ್ಲ. ಯಾರದೋ ಮನೆಗೆಲಸ, ಸ್ವಂತ ಕೆಲಸ ಮಾಡಿಸಿದರೂ ಅಷ್ಟೇ. ಸ್ವಯಂಸೇವೆ ಅಂದರೆ ಬೇಡ ಅನ್ನುವ ಹಕ್ಕೂ ಇರಬೇಕು.

ಓದು ಮತ್ತು ಸರ್ಟಿಫಿಕೇಟ್

ಇಗ್ನೊ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಬಂದಿಗಳಿಗೆ ಶುಲ್ಕ ವಿನಾಯಿತಿ ಕೊಡುತ್ತದೆ, ಹಲವು ಜೈಲುಗಳಲ್ಲಿ ಅದರ ಅಧ್ಯಯನ ಕೇಂದ್ರಗಳಿವೆ. ಎಸ್ಸೆಸ್ಸೆಲ್ಸಿ ಅರ್ಧಕ್ಕೆ ಬಿಟ್ಟವರು ಮುಕ್ತ ಶಾಲೆ ಮೂಲಕ ಮುಗಿಸಬಹುದು.

ಕಸುಬಿನ ವಿಷಯದಲ್ಲಿ ನನ್ನ ಸಲಹೆ: ಹೊರಗಿನ ಸಂಸ್ಥೆ ಕೊಡುವ ಸರ್ಟಿಫಿಕೇಟ್ ಸಿಗುವ ತರಬೇತಿಗೇ ಮೊದಲ ಆದ್ಯತೆ ಕೊಡಿ. ಬ್ಯಾಂಕ್‌ಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು, ಅಂದರೆ ಆರ್‌ಸೆಟಿಗಳು, ಜೈಲೊಳಗೇ ಬಂದು ತರಬೇತಿ ನಡೆಸುವುದುಂಟು. ಅಂಥ ಪ್ರಮಾಣಪತ್ರದಲ್ಲಿ ಸಂಸ್ಥೆಯ ಹೆಸರಿರುತ್ತದೆ, ಕಸುಬಿನ ಹೆಸರಿರುತ್ತದೆ. ಪದವಿಯ ಅಂಕಪಟ್ಟಿಯೂ ಹಾಗೇ. ಎಲ್ಲಿ ಕೂತು ಓದಿದಿರಿ ಅಂತ ಅದು ಕೇಳುವುದಿಲ್ಲ.

ಒಂದು ಕಡತ, ಎರಡು ಪ್ರತಿ

ಇದು ಇಡೀ ಲೇಖನದಲ್ಲಿ ನಾನು ಅತಿ ಹೆಚ್ಚು ಒತ್ತಿ ಹೇಳುವ ಭಾಗ. ಒಂದು ಕಡತ ಒಳಗೆ, ಇನ್ನೊಂದು ಮನೆಯಲ್ಲಿ. ಮನೆಯದ್ದು ನಿಮ್ಮ ಜವಾಬ್ದಾರಿ.

ಒಂದು ನೋಟ್‌ಬುಕ್‌ನಲ್ಲಿ ತಿಂಗಳಿಗೊಮ್ಮೆ ನಾಲ್ಕು ಸಾಲು ಬರೆಯಬೇಕು: ಯಾವ ವಿಭಾಗ, ಎಷ್ಟು ದಿನ ಕೆಲಸ, ಯಾವ ಯಂತ್ರ ಅಥವಾ ಉಪಕರಣ ಬಳಸಿದೆ, ಹೊಸದಾಗಿ ಏನು ಕಲಿತೆ. "ಹೊಲಿಗೆ ಕೆಲಸ" ಅಂತ ಬರೆದರೆ ಸಾಲದು. "ಜ್ಯೂಕಿ ಮಷಿನ್, ಕಾಲರ್ ಮತ್ತು ಕಫ್, ಕಾಜಾ ಹಾಕುವುದು ಕಲಿತೆ" ಅಂತ ಬರೆಯಿರಿ. ಗಾರ್ಮೆಂಟ್ಸ್ ಸೂಪರ್‌ವೈಸರ್‌ಗೆ ಅರ್ಥವಾಗುವುದು ಈ ಭಾಷೆ. ಬೇಕರಿಯಲ್ಲಿದ್ದರೆ ಒಂದು ಸಲಕ್ಕೆ ಎಷ್ಟು ಕೆಜಿ ಮೈದಾ ಕಲಸುತ್ತಿದ್ದಿರಿ, ಯಾವ ಓವನ್, ಬನ್ನು, ಬ್ರೆಡ್ಡು, ಖಾರ ಬಿಸ್ಕತ್ತಿನಲ್ಲಿ ಯಾವುದನ್ನು ಒಬ್ಬರೇ ಮಾಡಬಲ್ಲಿರಿ ಅಂತ ಬರೆಯಿರಿ.

ವರ್ಷಕ್ಕೊಮ್ಮೆ ಅನುಭವ ಪತ್ರ ಕೊಡಿ ಅಂತ ಲಿಖಿತವಾಗಿ ಕೇಳಿ. ಅಧಿಕಾರಿ ಬದಲಾಗುವ ಸುದ್ದಿ ಬಂದರೆ ಕೂಡಲೇ ಕೇಳಿ. ಪತ್ರದಲ್ಲಿ ಕೆಲಸದ ಹೆಸರು, ಅವಧಿ, ಶ್ರೇಣಿ, ನಡತೆ ಈ ನಾಲ್ಕು ಇರಲಿ. ಇದೇ ಕಡತ ಪೆರೋಲ್ (ಕೆಲವು ದಿನದ ಮಟ್ಟಿಗೆ ಹೊರಗೆ ಹೋಗಿ ಬರುವ ಅನುಮತಿ) ಕೇಳುವಾಗ, ಸನ್ನಡತೆ ಮೇಲೆ ಬಿಡುಗಡೆಯ ಪಟ್ಟಿ ಮಾಡುವಾಗಲೂ ಕೈಹಿಡಿಯುತ್ತದೆ. ಕೆಲಸಕ್ಕೆ ಮತ್ತು ಒಳ್ಳೆಯ ನಡತೆಗೆ ಶಿಕ್ಷೆಯಲ್ಲಿ ದಿನಗಳು ಮಾಫಿಯಾಗುತ್ತವೆ. ಆ ಮಾಫಿ ಎಷ್ಟು ಸೇರಿದೆ ಅಂತ ಆಗಾಗ ಕೇಳಿ ಬರೆದಿಟ್ಟುಕೊಳ್ಳುವುದು ನಿಮ್ಮ ಹಕ್ಕು. ಆದರೆ ಒಂದು ಮಾತು ನೆನಪಿರಲಿ: ಮರಣದಂಡನೆಯೂ ಆಗಬಹುದಾಗಿದ್ದ ಅಪರಾಧಕ್ಕೆ ಜೀವಾವಧಿ ಆದವರಿಗೆ 14 ವರ್ಷ ತುಂಬುವ ಮೊದಲು ಅವಧಿಪೂರ್ವ ಬಿಡುಗಡೆ ಇಲ್ಲ. ಹೊಸ ಕಾನೂನಲ್ಲಿ, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಅದು 475ನೇ ಸೆಕ್ಷನ್. ಇಷ್ಟು ದುಡ್ಡು ಕೊಟ್ಟರೆ ಬೇಗ ಬಿಡಿಸುತ್ತೇನೆ ಅನ್ನುವವರನ್ನು ನಂಬಬೇಡಿ.

ಗೋಡೆಯ ಹೊರಗೆ: ತೆರೆದ ಜೈಲು, ಪೆರೋಲ್

ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ತೆರೆದ ಜೈಲು ಇದೆ (ಬೆಂಗಳೂರು ನಗರದ ಕೋರಮಂಗಲ ಬೇರೆ, ಇದು ಹಳ್ಳಿ). ಅಲ್ಲಿ ಎತ್ತರದ ಗೋಡೆಯ ಕಾವಲಿಲ್ಲ, ಮುಖ್ಯವಾಗಿ ಬೇಸಾಯದ ಕೆಲಸ. ನಡತೆ ಚೆನ್ನಾಗಿದ್ದು, ಶಿಕ್ಷೆಯ ಒಂದು ಭಾಗ ಮುಗಿಸಿ, ದುಡಿಯುವಷ್ಟು ಆರೋಗ್ಯ ಇರುವವರನ್ನು ಆರಿಸುತ್ತಾರೆ. ಕೆಲವು ಬಗೆಯ ಅಪರಾಧದವರಿಗೆ ಅವಕಾಶ ಇರುವುದಿಲ್ಲ. ಜಾಗ ಕಡಿಮೆ, ಕೇಳುವವರೂ ಕಡಿಮೆ, ಯಾಕೆಂದರೆ ಬಹಳ ಜನಕ್ಕೆ ಇದು ಇದೆ ಅಂತಲೇ ಗೊತ್ತಿಲ್ಲ. ರೈತ ಕುಟುಂಬದವರು ಖಂಡಿತ ಕೇಳಿ. ರಾಜಸ್ಥಾನದ ಸಾಂಗಾನೇರ್ ತೆರೆದ ಜೈಲಿನಲ್ಲಂತೂ ಬಂದಿಗಳು ಹೆಂಡತಿ ಮಕ್ಕಳ ಜತೆ ಇದ್ದು, ಬೆಳಗ್ಗೆ ಹೊರಗೆ ಕೆಲಸಕ್ಕೆ ಹೋಗಿ ಸಂಜೆ ಹಾಜರಿ ಹಾಕುತ್ತಾರೆ. ನಮ್ಮಲ್ಲೂ ಅಂಥದ್ದು ಬೇಕು ಅಂತ ಜೋರಾಗಿ ಕೇಳುವ ಕಾಲ ಬಂದಿದೆ.

ಪೆರೋಲ್ ಅಂದರೆ ಮದುವೆ, ಸಾವು ಅಷ್ಟಕ್ಕೇ ಅಂತ ತಿಳಿದಿರುವವರು ಜಾಸ್ತಿ. 2024ರ ಕೊನೆಯಲ್ಲಿ ಕರ್ನಾಟಕ ಹೈಕೋರ್ಟ್, ಮನೆಯಲ್ಲಿ ಹೊಲ ನೋಡುವ ಗಂಡಸರಿಲ್ಲ ಅಂತ ಕೇಳಿದ ಬಂದಿಯೊಬ್ಬರಿಗೆ ಬೇಸಾಯ ಮಾಡಿಕೊಳ್ಳಲು 90 ದಿನ ಪೆರೋಲ್ ಕೊಟ್ಟಿತು. ಎಲ್ಲರಿಗೂ ಸಿಗುತ್ತದೆ ಅಂತಲ್ಲ. ಆದರೆ ಕೇಳಲು ಅದೊಂದು ಆಧಾರ. ಅರ್ಜಿ ಜೈಲು ಅಧೀಕ್ಷಕರಿಗೆ ಹೋಗುತ್ತದೆ, ಊರಿನ ಠಾಣೆಯಿಂದ ವರದಿ ತರಿಸುತ್ತಾರೆ. ಪೊಲೀಸ್ ವರದಿ ಎಲ್ಲಿದೆ ಅಂತ ಠಾಣೆಗೆ ಹೋಗಿ ವಿಚಾರಿಸುವುದು ಮನೆಯವರ ಕೆಲಸ, ಅಲ್ಲೇ ತಿಂಗಳುಗಟ್ಟಲೆ ನಿಂತುಬಿಡುತ್ತದೆ. ಪೆರೋಲ್‌ನಲ್ಲಿ ಹೊರಗಿದ್ದ ದಿನಗಳನ್ನು 14 ವರ್ಷದ ಲೆಕ್ಕಕ್ಕೆ ಸೇರಿಸುವಂತಿಲ್ಲ ಅಂತ ಗೋವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ, ಅದನ್ನೂ ಯೋಚಿಸಿ ಕೇಳಿ. ಹೇಳಿದ ದಿನ ಮರಳುವುದು ಬಹಳ ಮುಖ್ಯ. ಒಂದು ಸಲ ತಡವಾದರೆ ವರ್ಷಗಳ ಒಳ್ಳೆಯ ಹೆಸರು ಹೋಗುತ್ತದೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆ ಅನ್ನುವ ಹೊಸ ಶಿಕ್ಷೆಯೂ ಇದೆ. ಮೊದಲ ಸಲ ಮಾಡಿದ 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಕಳವು, ಅದೂ ಮಾಲು ವಾಪಸ್ ಕೊಟ್ಟಿದ್ದರೆ. ಕುಡಿದು ಸಾರ್ವಜನಿಕವಾಗಿ ಗಲಾಟೆ. ಮಾನಹಾನಿ, ಇಂಥ ಕೆಲವಕ್ಕೆ ಮಾತ್ರ. ಅದಕ್ಕೆ ಕೂಲಿ ಇಲ್ಲ. ಸಣ್ಣ ಕೇಸಿದ್ದರೆ ಈ ದಾರಿ ಇದೆಯಾ ಅಂತ ವಕೀಲರನ್ನು ಶಿಕ್ಷೆ ಆಗುವ ಮೊದಲೇ ಕೇಳಿ.

ಬಿಡುಗಡೆಗೆ ಆರು ತಿಂಗಳು ಇರುವಾಗ

ಆಧಾರ್ ಇದೆಯಾ, ಅದರಲ್ಲಿನ ಫೋನ್ ನಂಬರ್ ಈಗ ಚಾಲ್ತಿಯಲ್ಲಿದೆಯಾ ನೋಡಿ. ಹಳೇ ಸಿಮ್ ಸತ್ತುಹೋಗಿದ್ದರೆ ಓಟಿಪಿ ಬರದೆ ಎಲ್ಲ ಕೆಲಸ ನಿಲ್ಲುತ್ತದೆ. ಕೂಲಿ ಜಮಾ ಆಗಿರುವ ಖಾತೆಯ ಪಾಸ್‌ಬುಕ್ ವಿವರ, ರೇಷನ್ ಕಾರ್ಡ್‌ನಲ್ಲಿ ಹೆಸರು, ಓದಿನ ದಾಖಲೆ, ಇವನ್ನೆಲ್ಲ ಮನೆಯವರು ಹೊಂದಿಸಿಡಿ.

ಮುಂದೆ ಎಲ್ಲಿಗೆ? ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಮತ್ತು ಅದೇ ಮಾದರಿಯಲ್ಲಿ ಜಿಲ್ಲೆಗೊಂದರಂತೆ ಇರುವ ಆರ್‌ಸೆಟಿಗಳಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಸಿಗುತ್ತದೆ. ತರಬೇತಿ ಮುಗಿದ ಮೇಲೆ ಬ್ಯಾಂಕ್ ಸಾಲ ಕೊಡಿಸಲೂ ಅವರು ಓಡಾಡುತ್ತಾರೆ. ದರ್ಜಿ, ಬಡಗಿ, ಗಾರೆಯವರು, ಕ್ಷೌರಿಕರು ಸೇರಿ 18 ಕಸುಬಿನವರಿಗೆ 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆ ಇದೆ: ಉಪಕರಣಕ್ಕೆ 15,000 ರೂಪಾಯಿ, ಅಡಮಾನ ಇಲ್ಲದೆ ಮೊದಲು 1 ಲಕ್ಷ, ನಂತರ 2 ಲಕ್ಷದವರೆಗೆ ಸಾಲ. ಒಳಗೆ ಕಲಿತ ಬಡಗಿ ಕೆಲಸಕ್ಕೆ ಇದು ನೇರವಾಗಿ ಹೊಂದುತ್ತದೆ.

ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ "ಪ್ರಯಾಸ್" 1990ರಿಂದ ಜೈಲಿನಿಂದ ಬಂದವರ ಜತೆ ಕೆಲಸ ಮಾಡುತ್ತಿದೆ. ಬಂದವರನ್ನು ಬೇರೆ ಬೇರೆ ಸ್ವಯಂಸೇವಾ ಸಂಸ್ಥೆಗಳಲ್ಲಿ ತರಬೇತಿಗೆ ಇರಿಸಿ ಕೆಲಸದ ರೂಢಿ ಮಾಡಿಸುವುದು ಅವರ ಒಂದು ದಾರಿ. ಮುಂಬೈಯಲ್ಲಿರುವ ಕನ್ನಡಿಗರಿಗೆ ಇದು ಹತ್ತಿರ. ನಮ್ಮ ಊರುಗಳಲ್ಲೂ ಇದನ್ನೇ ಸಣ್ಣ ಮಟ್ಟದಲ್ಲಿ ಮಾಡಬಹುದು: ವೃದ್ಧಾಶ್ರಮ, ಗೋಶಾಲೆ, ಅನ್ನದಾಸೋಹ ನಡೆಸುವ ಮಠ, ಯಾವುದಾದರೂ ಒಂದು ಕಡೆ ಎರಡು ಮೂರು ತಿಂಗಳು ಸ್ವಯಂಸೇವೆ. ಅದರಿಂದ ಜೈಲಿನ ಹೊರಗಿನ ಒಬ್ಬರ ಶಿಫಾರಸು ಸಿಗುತ್ತದೆ.

ಕೆಲಸ ಕೇಳುವಾಗ ಹಳೆಯದನ್ನು ಹೇಳಬೇಕಾ? ಕೇಳದಿದ್ದರೆ ಮೊದಲ ಮಾತಲ್ಲೇ ಹೇಳಬೇಕಿಲ್ಲ. ಕೇಳಿದರೆ ಸುಳ್ಳು ಹೇಳಬೇಡಿ. ಪೊಲೀಸ್ ಪರಿಶೀಲನಾ ಪತ್ರ ಕೇಳುವ ಕಂಪನಿಯಲ್ಲಿ ಹೇಗೂ ಗೊತ್ತಾಗುತ್ತದೆ. ಚಿಕ್ಕದಾಗಿ ಹೇಳಿ: "ಒಂದು ಕೇಸಲ್ಲಿ ಶಿಕ್ಷೆ ಆಗಿತ್ತು, ಮುಗಿಸಿ ಬಂದಿದ್ದೀನಿ ಸರ್. ಅಲ್ಲಿ ಐದು ವರ್ಷ ಬೇಕರಿ ನಡೆಸಿದ್ದೀನಿ, ಪತ್ರ ಇಲ್ಲಿದೆ. ಒಂದು ವಾರ ಕೆಲಸ ನೋಡಿ ಆಮೇಲೆ ಹೇಳಿ." ಕೇಸಿನ ಕಥೆಗೆ ಇಳಿಯಬೇಡಿ, ಮಾತನ್ನು ಕೆಲಸದ ಕಡೆಗೇ ತನ್ನಿ.

ಕೆಲಸ ಕೊಡುವವರಿಗೆ, ಸಂಸ್ಥೆ ನಡೆಸುವವರಿಗೆ

ಒಳಗೆ ಹೋಗಿ ತರಬೇತಿ ಕೊಡಬೇಕು ಅಂತಿದ್ದರೆ ಕಾರಾಗೃಹ ಮತ್ತು ಸುಧಾರಣಾ ಸೇವೆ ಇಲಾಖೆಗೆ ಬರೆಯಿರಿ: ಯಾರು ಬರುತ್ತೀರಿ, ಏನು ಕಲಿಸುತ್ತೀರಿ, ಎಷ್ಟು ವಾರ, ಯಾವ ಸಾಮಾನು ತರುತ್ತೀರಿ. ಕತ್ತರಿ, ಸೂಜಿ, ಉಳಿ ಎಲ್ಲವನ್ನೂ ಪಟ್ಟಿಯಲ್ಲಿ ಸೇರಿಸಿ, ಗೇಟಿನಲ್ಲಿ ಎಣಿಸಿ ಒಳಬಿಟ್ಟು ಎಣಿಸಿಯೇ ಹೊರಬಿಡುತ್ತಾರೆ. ಒಂದು ದಿನದ ಉಪನ್ಯಾಸ, ಹಣ್ಣು ಹಂಚಿ ಫೋಟೋ, ಇದರಿಂದ ಯಾರಿಗೂ ಏನೂ ಸಿಗುವುದಿಲ್ಲ. ಮೂರು ತಿಂಗಳು ತಪ್ಪದೆ ಬಂದು, ಕೊನೆಗೆ ಪ್ರಮಾಣಪತ್ರ ಕೊಟ್ಟು ಹೋಗಿ.

ಬಿಡುಗಡೆಯಾದವರನ್ನು ಸೇರಿಸಿಕೊಳ್ಳುವಾಗ ಅಪರಾಧ ಏನಿತ್ತು ಅಂತ ಖಾಸಗಿಯಾಗಿ ಕೇಳಿ ತಿಳಿದುಕೊಳ್ಳುವುದು ತಪ್ಪಲ್ಲ. ಮಕ್ಕಳ ಮೇಲಿನ ಅಪರಾಧದಲ್ಲಿ ಶಿಕ್ಷೆ ಆದವರನ್ನು ಮಕ್ಕಳಿರುವ ಕಡೆ ಇರಿಸಲೇಬಾರದು, ಹಣದ ಕೇಸಿನವರಿಗೆ ಗಲ್ಲಾಪೆಟ್ಟಿಗೆ ಬೇಡ, ಬೇರೆ ಕೆಲಸ ಕೊಡಿ. ವಿಷಯ ಒಬ್ಬಿಬ್ಬರಿಗೆ ಮಾತ್ರ ಗೊತ್ತಿರಲಿ. ಅಂಗಡಿಯಲ್ಲಿ ಏನಾದರೂ ಕಾಣೆಯಾದ ಕೂಡಲೇ ಇವರ ಕಡೆ ತಿರುಗಿ ನೋಡಬೇಡಿ. ಮತ್ತು ಮೊದಲ ತಿಂಗಳು ಸಂಬಳವನ್ನು ವಾರಕ್ಕೊಮ್ಮೆ ಕೊಡಿ. ಬಾಡಿಗೆ ಮುಂಗಡ, ಬಸ್ ಚಾರ್ಜು, ಒಂದು ಜತೆ ಬಟ್ಟೆ, ಎಲ್ಲ ಖರ್ಚೂ ಒಟ್ಟಿಗೆ ಬರುವುದು ಆ ತಿಂಗಳಲ್ಲೇ, ಕೆಲಸ ಬಿಟ್ಟು ಹೋಗುವವರಲ್ಲಿ ಹೆಚ್ಚಿನವರು ಹೋಗುವುದೂ ಆಗಲೇ.